ರೇಡಿಯೋ ಗದರಿಸದ ಹದ್ದು

ಬಾಯಿ ಮುಚ್ಚಿಕೊಂಡು ಮಾಡಬೇಕಾದ ಕೆಲಸವೊಂದು ರೇಡಿಯೋಗೆ ಸಿಕ್ಕಿದೆ ಅಂದಾಗ ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಇನ್ನೇನು ಮಾಡಬೇಕು? ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆ ಹೆಸರಿನಿಂದ ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಗಡಗಡ ತಿರುಗುವ ಯಂತ್ರಗಳ ನಡುವೆ, ಅರ್ಧ ಆಯುಷ್ಯ ಕೂಗಿ ಕೂಗಿಯೇ ಮಾತಾಡಿದವಳು ಅವಳು. ಅವಳು ಯಾರಿಗಾದರೂ ಗುಟ್ಟು ಹೇಳಿದರೆ ಮೂರನೆಯ ಮನೆಯವರು ಕಿಟಕಿಯಿಂದ "ಆಮೇಲೇನಾಯ್ತು?" ಅಂತ ಕೇಳುತ್ತಿದ್ದರು. ಆಸ್ಪತ್ರೆಯವರು ಬಟ್ಟೆಯನ್ನು ಹೊರಗೆ ಒಗೆಯಲು ಕೊಟ್ಟಾಗ ಅವಳ ಕೆಲಸ ಹೋಯಿತು, ಧ್ವನಿ ಹಾಗೇ ಉಳಿಯಿತು.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಮದುವೆಯಾದ ದಿನದಿಂದ ತನ್ನ ಪಾಲಿನ ಮಾತನ್ನೂ ಹೆಂಡತಿಗೇ ಬಿಟ್ಟುಕೊಟ್ಟು ಹಾಯಾಗಿದ್ದ ಪ್ರಾಣಿ. "ಒಂದು ವಾರ," ಅಂದ ಅವನು, ಕುಂಚ ತೊಳೆಯುತ್ತ.

"ಅಷ್ಟೊಂದಾ?" ಅಂದಳು ಮಗಳು. ಅವಳು ದರ್ಜಿ, ಪಕ್ಕದ ಬೀದಿಗೇ ಮದುವೆಯಾಗಿ ಹೋದವಳು. ನಾಲಿಗೆಯ ವಿಷಯದಲ್ಲಿ ಮಾತ್ರ ತಾಯಿಯ ಮಗಳೇ.

ಕೆಲಸವಿದ್ದದ್ದು ಊರಾಚೆ, ಹಳೆಯ ಇಟ್ಟಿಗೆ ಭಟ್ಟಿಗಳ ಹಿಂದೆ, ರಣಹದ್ದುಗಳನ್ನು ಸಾಕಿ, ಮರಿ ಮಾಡಿಸಿ, ಮತ್ತೆ ಹೊರಗೆ ಬಿಡುವ ಕೇಂದ್ರದಲ್ಲಿ. ರಣಹದ್ದು ಅಂದರೆ ರೇಡಿಯೋಗೆ ಹೊಸತೇನಲ್ಲ. ಅವಳ ಅಪ್ಪ ಗಾಡಿ ಹೊಡೆಯುವವನು. ಅವಳು ಚಿಕ್ಕವಳಿದ್ದಾಗ ಸತ್ತ ದನಗಳನ್ನು ಹಾಕುವ ಬಯಲಿನ ಗೋಡೆಯ ಮೇಲೆ ಹದ್ದುಗಳು ಸಾಲಾಗಿ ಕೂತಿರುತ್ತಿದ್ದವು, ಕತ್ತು ಒಳಗೆಳೆದುಕೊಂಡು, ಕೆಲಸವಿಲ್ಲದ ಗುಮಾಸ್ತರ ಹಾಗೆ. ದನ ಬಿದ್ದ ದಿನ ನೋಡಬೇಕಿತ್ತು ಅವುಗಳ ಚುರುಕು. ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಎಲುಬು ಮಾತ್ರ. ಆಮೇಲೆ ಅದ್ಯಾವಾಗಲೋ ಗೋಡೆ ಖಾಲಿಯಾಯಿತು. ಬಯಲು ನಾರತೊಡಗಿತು, ನಾಯಿಗಳು ಹೆಚ್ಚಿದವು, ಜನ ಮೂಗು ಮುಚ್ಚಿಕೊಂಡು ಓಡಾಡಿದರು. ಹದ್ದುಗಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಹೋದದ್ದು ಹದ್ದು ತಾನೇ, ಗಿಳಿಯಲ್ಲವಲ್ಲ.

ಎಲ್ಲಿ ಹೋದವು ಅನ್ನುವುದನ್ನು ಅವಳಿಗೆ ಹೇಳಿದ್ದು ಕೇಂದ್ರದ ಡಾಕ್ಟರಮ್ಮ. ದನಗಳ ನೋವಿಗೆ ಚುಚ್ಚುತ್ತಿದ್ದ ಒಂದು ಮದ್ದಿತ್ತು. ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಕತ್ತು ಜೋತುಬಿದ್ದು, ಕೂತ ಕೊಂಬೆಯಿಂದಲೇ ಅದು ಉರುಳುತ್ತಿತ್ತು. ಕುಂಟುತ್ತಿದ್ದ ಎತ್ತಿಗೆ ಅಪ್ಪ ಊಟ ಬಿಟ್ಟು ಓಡಾಡಿ ಆ ಇಂಜೆಕ್ಷನ್ ಹಾಕಿಸಿದ್ದು, ಎತ್ತು ಎದ್ದು ನಿಂತಾಗ ಅದರ ಕೊರಳು ತಬ್ಬಿ ಅತ್ತದ್ದು ಅವಳಿಗೆ ನೆನಪಿತ್ತು. ಆ ಎತ್ತೂ ಕೊನೆಗೆ ಹೋದದ್ದು ಅದೇ ಬಯಲಿಗೆ. ಅಪ್ಪನಿಗೆ ಹದ್ದುಗಳ ಮೇಲೆ ಏನು ಹಗೆ? ಎತ್ತಿನ ನೋವು ನೋಡಲಾಗಲಿಲ್ಲ, ಅಷ್ಟೇ.

ಕೇಂದ್ರದಲ್ಲಿ ಹೆಚ್ಚಿನ ಮರಿಗಳನ್ನು ತಾಯಿ ತಂದೆ ಹದ್ದುಗಳೇ ಸಾಕುತ್ತಿದ್ದವು. ಅವು ಕೈಬಿಟ್ಟ ಮೊಟ್ಟೆಗಳಿಗೆ ಮಾತ್ರ ಯಂತ್ರದ ಕಾವು, ಆಮೇಲೆ ಮರಿಕೋಣೆ. ಅಲ್ಲಿನ ನಿಯಮ ಬಹಳ ಕಟ್ಟುನಿಟ್ಟು. ಬೂದು ನಿಲುವಂಗಿ ಹಾಕಬೇಕು, ಮುಖಕ್ಕೆ ಮುಸುಕು, ಕೈಗೆ ಹದ್ದಿನ ತಲೆಯಂತೆ ಹೊಲಿದ ಗವಸು. ಗವಸಿನ ಕೊಕ್ಕಿನಿಂದಲೇ ಮಾಂಸದ ಚೂರು ಕೊಡಬೇಕು. ಮರಿಗೆ ಮನುಷ್ಯನ ಮುಖ ಕಾಣಬಾರದು, ಧ್ವನಿ ಕೇಳಬಾರದು. ಕೇಳಿದರೆ ಅದು ಮನುಷ್ಯರನ್ನೇ ತನ್ನವರೆಂದು ತಿಳಿದು, ನಾಳೆ ಹೊರಗೆ ಬಿಟ್ಟಾಗ ಜನರ ಹತ್ತಿರವೇ ಇಳಿಯುತ್ತದೆ. ಜನರ ಹತ್ತಿರ ಇಳಿದ ಹದ್ದು ಕಲ್ಲಿಗೋ ಕರೆಂಟಿಗೋ ನಾಯಿಗೋ ಸಿಕ್ಕುತ್ತದೆ. ಹಳೆಯ ಗವಸು ಬಾತುಕೋಳಿಯ ಹಾಗಿತ್ತೆಂದು ಹೊಸದನ್ನು ಹೊಲಿದುಕೊಟ್ಟವಳು ರೇಡಿಯೋಳ ಮಗಳೇ. "ಅಮ್ಮ, ಇದರ ಬಾಯಿಗೂ ಒಂದು ಹೊಲಿಗೆ ಹಾಕ್ಲಾ, ನಿಂಗೆ ನೆನಪಿರ್ಲಿ ಅಂತ?" ಅಂದಿದ್ದಳು.

ಆಶ್ಚರ್ಯವೆಂದರೆ ರೇಡಿಯೋ ಬಾಯಿ ಮುಚ್ಚಿಕೊಂಡಿದ್ದಳು. ಒಂದು ವಾರವಲ್ಲ, ಒಂದು ವರ್ಷ. ದಿನವಿಡೀ ಕಟ್ಟಿಟ್ಟದ್ದನ್ನು ಹೋಗುವ ಬರುವ ಬಸ್ಸಿನಲ್ಲಿ ಸುರಿಯುತ್ತಿದ್ದಳು. ಕಂಡಕ್ಟರ್ ಅವಳನ್ನು ಕಂಡರೆ ಬಸ್ಸಿನ ಹಿಂಬದಿಗೆ ಹೋಗಿಬಿಡುತ್ತಿದ್ದ. ಆದರೆ ಮರಿಕೋಣೆಯ ಎರಡು ಬಾಗಿಲು ದಾಟಿ ಒಳಗೆ ಹೋದಳೆಂದರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಅವಳ ಮೇಲೆ ನಂಬಿಕೆ ಬಂದದ್ದು ಹಾಗೆ. ನಂಬಿಕೆ ಬಂದ ಮೇಲೆಯೇ ಆ ಮರಿ ಬಂದದ್ದು.

ಅದು ಮೊಟ್ಟೆ ಒಡೆಯುವಾಗಲೇ ಸುಸ್ತಾಗಿದ್ದ ಮರಿ. ಕತ್ತು ನಿಲ್ಲುತ್ತಿರಲಿಲ್ಲ. ಗವಸಿನ ಕೊಕ್ಕು ಹತ್ತಿರ ತಂದರೆ ಮುಖ ತಿರುಗಿಸುತ್ತಿತ್ತು. ಡಾಕ್ಟರಮ್ಮ ನಳಿಕೆಯಿಂದ ನೀರು ಹನಿಸಿ ನೋಡಿದರು, ಕಾವು ಹೆಚ್ಚಿಸಿ ನೋಡಿದರು. ಕೊನೆಗೆ ಹೊರಗೆ ಬಂದು ಮುಸುಕು ತೆಗೆದು, "ನಾಳೆ ಬೆಳಿಗ್ಗೆ ನೋಡೋಣ," ಅಂದರು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಇದ್ದವಳಿಗೆ ಡಾಕ್ಟರುಗಳ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಕೋಣೆಯಲ್ಲಿ ಅವಳೊಬ್ಬಳೇ. ಚೂರು ಹಿಡಿದು ಕಾದಳು, ಕೊಕ್ಕಿನಿಂದ ಕೊಕ್ಕಿಗೆ ಮುಟ್ಟಿಸಿದಳು. ಮರಿ ಕಣ್ಣು ಮುಚ್ಚಿಕೊಂಡೇ ಇತ್ತು. ಆಗ ಅವಳ ಬಾಯಿಂದ ತಾನಾಗಿಯೇ ಹೊರಬಿತ್ತು: "ಬಾಯಿ ತೆಗಿ, ನನ್ನ ರಾಜಾ."

ಮರಿ ಕಣ್ಣು ಬಿಟ್ಟಿತು. ಧ್ವನಿ ಬಂದ ಕಡೆಗೆ ತಲೆ ಎತ್ತಿತು. ಬಾಯಿ ತೆಗೆಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಹೊತ್ತಿಗೆ ಸುಮ್ಮನೆ ಚೂರು ಹಿಡಿದಳು, ಮರಿ ಬಾಯಿ ತೆಗೆಯಲಿಲ್ಲ. ಒಂದಿಷ್ಟು ಹೊತ್ತು ಕಾದಿದ್ದರೆ ತೆಗೆಯುತ್ತಿತ್ತೇನೋ. ಕಾಯುವ ಧೈರ್ಯ ಅವಳಿಗಿರಲಿಲ್ಲ. ಮತ್ತೆ ಅದೇ ಮಾತು ಹೇಳಿದಳು, ಮರಿ ತಿಂದಿತು. ಅಲ್ಲಿಂದ ಮುಂದೆ ಅವಳ ಕಥೆ ನಿಮಗೆ ಗೊತ್ತೇ ಇದೆ, ಬಾಗಿಲು ತೆರೆದ ಮೇಲೆ ಮುಚ್ಚುವ ಜಾತಿಯಲ್ಲ ಆ ಬಾಯಿ. ಗಂಡ ಯಾರದೋ ಹಳದಿ ಗೋಡೆಗೆ ಹಸಿರು ಬಳಿದು ಬಂದದ್ದು, ಬೀಗಿತ್ತಿಯ ಮಂಡಿನೋವು, ಕಂಡಕ್ಟರನ ಕೊಬ್ಬು, ಎಲ್ಲವನ್ನೂ ಪಿಸುದನಿಯಲ್ಲಿ ಆ ಮರಿಗೆ ಒಪ್ಪಿಸಿದಳು. ಹೀಗೆ ಇಡೀ ಲೋಕದಲ್ಲಿ ರೇಡಿಯೋಳ ಪಿಸುದನಿ ಕೇಳಿದ್ದು ಅದೊಂದೇ ಜೀವ. ಎರಡು ಬಾಗಿಲ ಆಚೆಗೆ ಏನೂ ಕೇಳುತ್ತಿರಲಿಲ್ಲ. ಮರಿ ದುಂಡಗಾಯಿತು, ಬಿಳಿ ನವಿರು ಹೋಗಿ ಕಂದು ಗರಿ ಬಂತು.

"ನಿಮ್ಮ ಕೈಗುಣ," ಅಂದರು ಡಾಕ್ಟರಮ್ಮ. ರೇಡಿಯೋ ನೆಲ ನೋಡಿಕೊಂಡು ನಿಂತಳು. ಹೊಗಳಿಕೆಗೆ ನಾಚಿಕೊಂಡಳು ಅಂತ ಅವರು ತಿಳಿದುಕೊಂಡರು.

ಮರಿ ಬೆಳೆದು ದೊಡ್ಡ ಬಲೆಮನೆಗೆ ಹೋದಾಗ ವಿಷಯ ಅರ್ಧ ಹೊರಬಿತ್ತು. ಬಸ್ಸು ನಿಲ್ಲಿಸುವಷ್ಟು ದೊಡ್ಡ ಜಾಗ ಅದು, ಸುತ್ತ ತಂತಿ ಬಲೆ, ಒಳಗೆ ಕೂರಲು ಮರದ ತೊಲೆಗಳು. ಹತ್ತಿರ ಯಾರಾದರೂ ಮಾತಾಡಿದರೆ ಉಳಿದ ಹದ್ದುಗಳು ದೂರದ ತೊಲೆಗೆ ಹಾರಿ ಹೋಗುತ್ತಿದ್ದವು. ಇದೊಂದು ಕುಪ್ಪಳಿಸಿಕೊಂಡು ತಂತಿಯ ಹತ್ತಿರ ಬರುತ್ತಿತ್ತು. ಬಲೆ ಸರಿಪಡಿಸಲು ಬಂದವರು ಹರಟೆ ಹೊಡೆದರೆ ಅವರೆದುರು ಕೂತು ಕತ್ತು ಓರೆ ಮಾಡಿ ಕೇಳುತ್ತಿತ್ತು.

"ಯಾರ ಮುಖವನ್ನೂ ನೋಡಿಲ್ಲ, ಇದಕ್ಕೆ ಹೀಗ್ಯಾಕೆ?" ಅಂತ ಡಾಕ್ಟರಮ್ಮ ತಲೆ ಕೆಡಿಸಿಕೊಂಡರು. ರೇಡಿಯೋ ಅಲ್ಲೇ ಬಕೆಟ್ ತೊಳೆಯುತ್ತಿದ್ದಳು. ಆಗಲೇ ಹೇಳಬೇಕಿತ್ತು. ಊರಿನವರ ಕಥೆಯನ್ನೆಲ್ಲ ಊರಿಗೆ ಹಂಚುವವಳಿಗೆ ತನ್ನದೊಂದು ಕಥೆ ಮಾತ್ರ ಹಂಚಲಾಗಲಿಲ್ಲ. ಬಕೆಟ್ಟನ್ನು ಮತ್ತೊಮ್ಮೆ ತೊಳೆದಳು.

ಡಾಕ್ಟರಮ್ಮ ಒಂದು ದಾರಿ ಹುಡುಕಿದರು. ಮಳೆ ನಿಂತ ಮೇಲೆ ಆ ವಯಸ್ಸಿನ ಹದ್ದುಗಳನ್ನೆಲ್ಲ ಗುಂಪಾಗಿ ಹೊರಗೆ ಬಿಡುವವರಿದ್ದರು. ಗುಂಪಿನಲ್ಲಿ ಹೋದರೆ ಮಾತ್ರ ಅವು ಒಂದನ್ನೊಂದು ನೋಡಿ ಆಹಾರ ಹುಡುಕಿಕೊಳ್ಳುತ್ತವೆ. ಒಂಟಿಯಾಗಿ ಬಿಟ್ಟ ಹದ್ದು ಉಪವಾಸ ಬೀಳುತ್ತದೆ. ಅಷ್ಟರೊಳಗೆ ಇದಕ್ಕೆ ಮನುಷ್ಯರೆಂದರೆ ಭಯ ಹುಟ್ಟಿಸಬೇಕು. ಕೇಂದ್ರದವರೆಲ್ಲ ಸರದಿಯಲ್ಲಿ ಹೋಗಿ, ಅದು ತಂತಿಯ ಹತ್ತಿರ ಬಂದಾಗ ತಗಡು ಬಡಿದು ಗದರಿಸಬೇಕು. ಎಲ್ಲರ ಧ್ವನಿಯೂ ಬೇಕು.

ಎಲ್ಲರೂ ಗದರಿಸಿದರು. ಡಾಕ್ಟರಮ್ಮನೂ ತಗಡು ಬಡಿದರು. ಆಡಿನ ಕೊಟ್ಟಿಗೆ ನೋಡಿಕೊಳ್ಳುವ ಅಜ್ಜನಂತೂ ತನ್ನ ಸೊಸೆಯ ಮೇಲಿನ ಕೋಪವನ್ನೂ ಸೇರಿಸಿ ಬೈದ. ರೇಡಿಯೋಳ ಸರದಿ ಬಂತು. ಅವಳು ಕೊರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಗಂಟಲು ಕೂತಿದೆ ಅಂತ ಕೈಸನ್ನೆ ಮಾಡಿ ತೋರಿಸಿದಳು.

"ರೇಡಿಯೋ ಕೆಟ್ಟೋಯ್ತು!" ಅಂತ ಅಜ್ಜ ನಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಪ್ರತಿ ಸರದಿಗೂ ಕೊರಳಿನ ಬಟ್ಟೆ ಹಾಗೇ ಇತ್ತು. ಯಾವ ಧ್ವನಿ ಕೇಳಿ ಅದು ಸಾವಿನ ಬಾಗಿಲಿಂದ ತಲೆ ಎತ್ತಿತ್ತೋ ಅದೇ ಧ್ವನಿಯಲ್ಲಿ ಅದನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಇಷ್ಟು ಜನ ಬೈದಿದ್ದಾರಲ್ಲ, ನಾನೊಬ್ಬಳು ಬೈಯದಿದ್ದರೆ ಏನಾಗುತ್ತೆ ಅಂದುಕೊಂಡಳು. ಎಲ್ಲ ತಾಯಂದಿರಿಗೂ ಒಂದಲ್ಲ ಒಂದು ದಿನ ಹೀಗನ್ನಿಸುತ್ತದೆ, ಮಕ್ಕಳು ಕೆಡುವುದು ಆ ದಿನವೇ.

ಹದ್ದು ಕಲಿತುಕೊಂಡಿತು. ಯಾರ ಮಾತು ಕೇಳಿದರೂ ಉಳಿದವುಗಳ ಜೊತೆ ದೂರದ ತೊಲೆಗೆ ಹಾರಿತು. ಡಾಕ್ಟರಮ್ಮ ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದರು. ಬಿಡುವ ಹದ್ದುಗಳಲ್ಲಿ ಅದೂ ಸೇರಿತು, ರೆಕ್ಕೆಗೆ ಬಿಲ್ಲೆ ಹಾಕಿದ್ದೂ ಆಯಿತು.

ಬಿಡುವ ಹಿಂದಿನ ದಿನ ಸಂಜೆ ರೇಡಿಯೋ ಬಲೆಮನೆಯ ಹಿಂಬದಿಗೆ ಹೋದಳು. ಹೋಗಿಬರುತ್ತೇನೆ ಅನ್ನಲು ಅಲ್ಲ, ಹೋಗುವುದು ಅದು ತಾನೇ, ಸುಮ್ಮನೆ ಒಮ್ಮೆ ನೋಡಲು. ಹದ್ದು ದೂರದ ತೊಲೆಯ ಮೇಲೆ ಬೆನ್ನು ಹಾಕಿ ಕೂತಿತ್ತು. ಆ ಬೆನ್ನು ನೋಡಿದಾಗ ಅವಳೊಳಗೆ ಒಂದು ಹುಳ ಕೊರೆಯತೊಡಗಿತು. ಎಲ್ಲರ ಧ್ವನಿಗೂ ಹೆದರುತ್ತದೆ, ಸರಿ. ನನ್ನ ಧ್ವನಿಗೆ? ಅದಕ್ಕಿಂತ ಒಳಗೆ ಇನ್ನೊಂದು ಆಸೆಯೂ ಇತ್ತು, ಅದನ್ನು ಮುಚ್ಚಿಡುವುದು ಬೇಡ: ಕೊನೆಗೊಮ್ಮೆ ಅದು ತನ್ನನ್ನು ಗುರುತಿಸಲಿ ಅಂತ.

"ಬಾಯಿ ತೆಗಿ, ನನ್ನ ರಾಜಾ," ಅಂದಳು, ತನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಹದ್ದು ತಿರುಗಿತು. ತೊಲೆಯಿಂದ ಇಳಿದು, ಅಷ್ಟಗಲ ರೆಕ್ಕೆಯನ್ನು ನೆಲಕ್ಕೆ ಎಳೆದುಕೊಂಡು ಓಡೋಡಿ ಬಂತು. ತಂತಿಗೆ ಎದೆಯೊತ್ತಿ, ಮರಿಯಂತೆ ಬಾಯಿ ತೆಗೆದು ನಿಂತಿತು.

ಅವಳಿಗೆ ಹೆದರಿಕೆಯಾಯಿತು. ಅದೇ ಗಳಿಗೆಯಲ್ಲಿ ಸಂತೋಷವೂ ಆಯಿತು. ಆ ಸಂತೋಷಕ್ಕೆ ಅವಳು ತನ್ನನ್ನು ತಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಹೊರಗೆ ಬಿಟ್ಟ ಮೇಲೆ ಯಾವುದೋ ಅಂಗಳದಲ್ಲಿ, ಯಾವುದೋ ನಲ್ಲಿಯ ಹತ್ತಿರ, ನಾಲ್ಕು ಜನ ಹೆಂಗಸರು ಮೆಲ್ಲಗೆ ಮಾತಾಡುತ್ತಿರುವಾಗ ಇದು ಹೀಗೇ ಇಳಿದು ಬಾಯಿ ತೆಗೆದು ನಿಂತರೆ? ಹೇಳದಿದ್ದರೆ ನಾಳೆ ಇದು ಹಾರುತ್ತದೆ, ಆಮೇಲೆ ಯಾವತ್ತೋ ಒಂದು ದಿನ ಸಾಯುತ್ತದೆ. ಹೇಳಿದರೆ ಬದುಕುತ್ತದೆ, ಆದರೆ ಬಲೆಯೊಳಗೆ. ಅವಳು ಆಫೀಸಿನ ಮೆಟ್ಟಿಲು ಹತ್ತಿ, ಕೊರಳಿನ ಬಟ್ಟೆ ಬಿಚ್ಚಿ, ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆವತ್ತು ನೀವು ಮಾತಾಡದೇ ಇದ್ದಿದ್ರೆ ಅದು ಬದುಕ್ತಿತ್ತೋ ಇಲ್ವೋ, ನನಗೂ ಗೊತ್ತಿಲ್ಲ. ಅದನ್ನ ತಪ್ಪು ಅನ್ನಲ್ಲ," ಅಂದರು. ಆಮೇಲೆ ಅಂದರು: "ಗದರಿಸೋವಾಗ ಹೇಳಿದ್ರೆ ಸಾಕಿತ್ತಲ್ಲಮ್ಮ. ನಿಮ್ಮ ಧ್ವನೀಲೇ ಗದರಿಸಿಬಿಟ್ಟಿದ್ರೆ ಆಗೋಗ್ತಿತ್ತು. ಈಗ ಗುಂಪು ನಾಳೆ ಹೊರಡುತ್ತೆ, ಒಂದು ರಾತ್ರೀಲಿ ಅದನ್ನ ಕಲಿಸೋಕಾಗಲ್ಲ. ಮುಂದಿನ ಗುಂಪು ಸಿದ್ಧ ಆಗೋಷ್ಟರಲ್ಲಿ ಇದು ಜೋಡಿ ಕಟ್ಟೋ ವಯಸ್ಸಿಗೆ ಬಂದಿರುತ್ತೆ. ಜೋಡಿಗಳನ್ನ ನಾವು ಬಿಡಲ್ಲ, ಮೊಟ್ಟೆ ಬೇಕಲ್ಲ."

ಮರುದಿನ ಬಾಗಿಲಿನ ಹಗ್ಗ ಎಳೆದರು. ಹದ್ದುಗಳು ಒಂದೊಂದಾಗಿ ಹೊರಗೆ ಕುಪ್ಪಳಿಸಿ, ಓಡಿ, ಎದ್ದವು. ಪಕ್ಕದ ಗೂಡಿಗೆ ಬೇರೆ ಮಾಡಿದ್ದ ಆ ಹದ್ದು ತಂತಿಯುದ್ದಕ್ಕೂ ಅತ್ತಿಂದಿತ್ತ ಓಡಾಡಿತು. ಬಿಸಿಗಾಳಿಯ ಮೇಲೆ ಗುಂಪು ಸುತ್ತು ಹಾಕಿ ಹಾಕಿ ಚುಕ್ಕೆಯಾಗುವವರೆಗೂ ಅದರ ಕತ್ತು ಮೇಲೆಯೇ ಇತ್ತು. ರೇಡಿಯೋ ಅಜ್ಜನ ಆಡಿನ ಕೊಟ್ಟಿಗೆಯೊಳಗೆ ಹೋಗಿ ಕೂತಳು.

ಆಮೇಲೆ ವರ್ಷಗಳು ಹೋದವು. ರಕ್ತ ಪರೀಕ್ಷೆ ಮಾಡಿದಾಗ ಅವಳ ರಾಜ ಹೆಣ್ಣು ಅಂತ ತಿಳಿಯಿತು. "ಅಷ್ಟೆಲ್ಲ ಮಾತಾಡಿ ಇದೊಂದು ವಿಷಯ ಕೇಳ್ಕೊಂಡಿಲ್ವಾ?" ಅಂದ ಗಂಡ, ಆ ತಿಂಗಳ ಅವನ ಅತಿ ಉದ್ದದ ಮಾತು ಅದು. ರಾಜನಿಗೆ ಜೋಡಿ ಸಿಕ್ಕಿತು, ಮೊಟ್ಟೆ ಇಟ್ಟಿತು. ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿಯಾದ ದಿನ ಡಾಕ್ಟರಮ್ಮ ರೇಡಿಯೋಳನ್ನು ಕರೆದರು. ಹೇಳಲು ಅವರಿಗೆ ಕಷ್ಟವಾಗುತ್ತಿತ್ತು, ಅದು ಕಾಣುತ್ತಿತ್ತು.

"ಮರಿ ಎಲ್ಲವನ್ನೂ ತಾಯಿಯಿಂದ ಕಲಿಯುತ್ತೆ. ನಿಮ್ಮ ಧ್ವನಿಗೆ ತಾಯಿ ಓಡಿಬಂದ್ರೆ ಮರೀನೂ ಬರುತ್ತೆ. ಗೂಡಲ್ಲಿ ಮರಿ ಇರೋವಾಗ ತಗಡು ಬಡಿಯೋಕೂ ಆಗಲ್ಲ. ಅದಕ್ಕೆ..."

"ನಾನು ಆಡಿನ ಕೊಟ್ಟಿಗೆಗೆ ಹೋಗ್ತೀನಿ, ಡಾಕ್ಟರಮ್ಮ," ಅಂದಳು ರೇಡಿಯೋ. ಅವರು ಮಾತು ಮುಗಿಸುವುದು ಬೇಕಿರಲಿಲ್ಲ.

ಅಜ್ಜ ಕೆಲಸ ಬಿಟ್ಟಿದ್ದ. ಹದ್ದುಗಳಿಗೆ ಹಾಕುವ ಆಡುಗಳ ಮೈಯಲ್ಲಿ ಯಾವ ಮದ್ದೂ ಉಳಿಯದಂತೆ ಅವುಗಳನ್ನು ಮೊದಲೇ ತಂದು ಮೇಯಿಸಿಟ್ಟುಕೊಳ್ಳುವುದು ಅಲ್ಲಿನ ಕೆಲಸ. ಗಾಳಿ ಬೀಸಿದರೆ ಕೊಟ್ಟಿಗೆಯ ಮಾತು ಬಲೆಮನೆಗೆ ಕೇಳುತ್ತಿತ್ತು. ಹಾಗಾಗಿ ರೇಡಿಯೋ ಅಲ್ಲೂ ಮಾತಾಡಲಿಲ್ಲ. ನಾಲಿಗೆಯನ್ನು ಹಿಡಿದಿಡುವುದು ಅಭ್ಯಾಸವಾಗಿ ಬಸ್ಸಿನಲ್ಲೂ ಮಾತು ಕಡಿಮೆಯಾಯಿತು. ಕಂಡಕ್ಟರನೇ ಹತ್ತಿರ ಬಂದು, "ಏನಮ್ಮ, ಹುಷಾರಿಲ್ವಾ?" ಅಂತ ಕೇಳುವ ಹಾಗಾಯಿತು. ಮನೆಯಲ್ಲಿ ತಟ್ಟೆಯ ಸದ್ದು ಕೇಳತೊಡಗಿತು. ಒಂದು ದಿನ ಗಂಡ ಊಟದ ನಡುವೆ ಕೈ ನಿಲ್ಲಿಸಿ, "ಏನಾದ್ರೂ ಮಾತಾಡೇ. ಬೈಯೋದಾದ್ರೂ ಮಾಡು," ಅಂದ. ಅವಳಿಗೆ ಅಳು ಬಂತು. ಬೈಯುವುದೊಂದನ್ನೇ ತಾನು ಮಾಡಬೇಕಿತ್ತು ಅಂತ ಆ ಬಡಪಾಯಿಗೆ ಹೇಗೆ ಹೇಳುವುದು?

ರಾಜನ ಮರಿ ಜನರೆಂದರೆ ದೂರ ಹಾರುವ ಒಳ್ಳೆಯ ಹದ್ದಾಗಿ ಬೆಳೆಯಿತು. ಗುಂಪಿನ ಜೊತೆ ಅದನ್ನು ಬಿಟ್ಟ ದಿನ ರೇಡಿಯೋ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದಳು. ಈ ಸಲ ಮೇಲೆ ಬೇರೆ ಹದ್ದುಗಳೂ ಇದ್ದವು, ಹಿಂದೆ ಬಿಟ್ಟವು. ಅವು ಕೆಳಗಿಳಿದು ಹೊಸಬರನ್ನು ಸೇರಿಸಿಕೊಂಡು ಮತ್ತೆ ಏರಿದವು. ಅವಳ ಅಪ್ಪನ ಕಾಲದ ಗೋಡೆ ಮತ್ತೆ ತುಂಬುತ್ತದೋ ಇಲ್ಲವೋ, ಆಕಾಶವಂತೂ ಆವತ್ತು ಖಾಲಿ ಇರಲಿಲ್ಲ. ರಾಜ ತಂತಿಯ ಹಿಂದೆ ಕೂತು ಕತ್ತೆತ್ತಿ ನೋಡುತ್ತಿತ್ತು.

"ಗೂಡಲ್ಲಿ ಈಗ ಮರಿ ಇಲ್ಲ," ಅಂದರು ಡಾಕ್ಟರಮ್ಮ, ಹಿಂದಿನಿಂದ ಬಂದು. "ಬೇಕಾದ್ರೆ ಹೋಗಿ ಒಂದ್ಸಲ ಮಾತಾಡಿಸಿ. ತುಂಬಾ ದಿನ ಆಯ್ತು."

ರೇಡಿಯೋ ತಂತಿಯ ಹತ್ತಿರ ಹೋದಳು. ಹೋಗುವಾಗ ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ತಗಡನ್ನೂ ಕೋಲನ್ನೂ ಎತ್ತಿಕೊಂಡಿದ್ದಳು. ಮುಂದಿನ ವರ್ಷ ಇನ್ನೊಂದು ಮೊಟ್ಟೆ, ಅದರ ಮುಂದಿನ ವರ್ಷ ಇನ್ನೊಂದು. ಎಷ್ಟು ಮರಿಗಳಿಗೆ ಅಂತ ತಾನು ಬಾಯಿ ಹೊಲಿದುಕೊಂಡು ಅಪಾಯವಾಗಿ ಉಳಿಯುವುದು?

"ಬಾಯಿ ತೆಗಿ, ನನ್ನ ರಾಜಾ," ಅಂದಳು.

ಹದ್ದು ಓಡಿಬಂತು. ಇಷ್ಟು ವರ್ಷಗಳಾದರೂ ಓಡಿಯೇ ಬಂತು. ತಂತಿಗೆ ಎದೆಯೊತ್ತಿ ಬಾಯಿ ತೆಗೆಯಿತು. ರೇಡಿಯೋ ತಗಡನ್ನು ಎತ್ತಿ ಬಡಿದು, ಬಟ್ಟೆ ಒಗೆಯುವ ಯಂತ್ರಗಳನ್ನೂ ಮೀರಿಸಿದ ಆ ತನ್ನ ಧ್ವನಿಯಲ್ಲಿ ಕೂಗಿದಳು: "ಹೋಗೇ! ಹೋಗೇ ಅತ್ತ!"

ಅವಳು ಎಷ್ಟೋ ದಿನ ಬಡಿಯಬೇಕಾದೀತು ಅಂದುಕೊಂಡಿದ್ದಳು. ಎರಡನೆಯ ಸಲ ಕೋಲು ಎತ್ತುವಷ್ಟರಲ್ಲಿ ರಾಜ ಬೆಚ್ಚಿ ಹಿಂದೆ ಸರಿದು, ರೆಕ್ಕೆ ಬಡಿದು, ದೂರದ ತೊಲೆಗೆ ಹೋಗಿ ಬೆನ್ನು ಹಾಕಿ ಕೂತುಬಿಟ್ಟಿತ್ತು. ಆಮೇಲೆ ಎಷ್ಟು ಮೆಲ್ಲಗೆ, ಎಷ್ಟು ಬಗೆಯಲ್ಲಿ ಕರೆದು ಪರೀಕ್ಷಿಸಿದರೂ ಅದು ತಿರುಗಿ ನೋಡಲಿಲ್ಲ.

ಡಾಕ್ಟರಮ್ಮ ಅವಳ ಕೈಯಿಂದ ಕೋಲು ತೆಗೆದುಕೊಂಡರು. "ಒಂದೇ ಸಲ ಗದರಿಸಿದ್ದು ಸಾಕಾಯ್ತಲ್ಲ," ಅಂದರು.

"ಹೂಂ," ಅಂದಳು ರೇಡಿಯೋ. "ಆವತ್ತೂ ಅಷ್ಟೇ ಸಾಕಾಗ್ತಿತ್ತು."